ಫುಲ್ ಸಿಂಥೆಟಿಕ್ ಆಯಿಲ್‌ಗೆ ಡಬಲ್ ದುಡ್ಡು ಕೊಡೋದು ನಿಜಕ್ಕೂ ಬೇಕಾ?

ತುಮಕೂರು ಸ್ಪ್ಲೆಂಡರ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಗಾಡಿ ಇವೆ. ಒಂದು ಸ್ಪ್ಲೆಂಡರ್ ಪ್ಲಸ್, ದಿನಾ ಫ್ಯಾಕ್ಟರಿಗೆ ನಾನು ಓಡಿಸೋದು. ಇನ್ನೊಂದು ವ್ಯಾಗನ್ ಆರ್ ಪೆಟ್ರೋಲ್, ಊರಿಗೆ ಹೋಗೋಕೆ, ಮದುವೆ ಮುಂಜಿಗೆ. ಮೊನ್ನೆ ಕಾರು ಸರ್ವಿಸ್‌ಗೆ ಬಿಟ್ಟಾಗ ಅಡ್ವೈಸರ್ "ಸರ್, ಈ ಸಲ ಫುಲ್ ಸಿಂಥೆಟಿಕ್ ಎಂಜಿನ್ ಆಯಿಲ್‌ಗೆ ಅಪ್‌ಗ್ರೇಡ್ ಮಾಡಿಸಿ, ಎಂಜಿನ್ ಲೈಫ್ ಡಬಲ್ ಆಗುತ್ತೆ" ಅಂದರು. ಜೊತೆಗೆ ಎಂಜಿನ್ ಫ್ಲಶ್ ಅಂತ, ಒಳಗಿನ ಕೊಳೆ ತೊಳೆಯೋ ಇನ್ನೊಂದು ಬಾಟಲಿಯನ್ನೂ ಎಸ್ಟಿಮೇಟ್‌ಗೆ ಸೇರಿಸಿದ್ದರು. ಯೋಚನೆ ಮಾಡಿ ಹೇಳ್ತೀನಿ ಅಂತ ಬಂದೆ.

ಬೈಕ್ ಮೆಕ್ಯಾನಿಕ್ ಕೇಳಿದರೆ ಪೂರ್ತಿ ಉಲ್ಟಾ. "ಸ್ಪ್ಲೆಂಡರ್‌ಗೆ ಸಿಂಥೆಟಿಕ್ಕಾ? ದುಡ್ಡು ಜಾಸ್ತಿ ಆಗಿದೆಯಾ?" ಅಂತ ನಕ್ಕರು. ನಮ್ಮೂರಲ್ಲಿ ಬೈಕಿನ ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲ ಶುದ್ಧ ಮಾಡಿ ಬರೋ ಮಾಮೂಲಿದು, ಸುಮಾರು 400 ರೂಪಾಯಿ. ಫುಲ್ ಸಿಂಥೆಟಿಕ್ 900ರ ಆಸುಪಾಸು. ಯಾರ ಮಾತು ನಂಬೋದು? ಬಳಸಿದವರು ಹೇಳಿ.

ಹಳೇ ಬುಲೆಟ್

ಬೇಡ. ಮುಂದಿನ ಪ್ರಶ್ನೆ?

ಲೆಕ್ಕದ ಮೇಷ್ಟ್ರು

ಸುಮ್ನೆ ಬೇಡ ಅಂದರೆ ಹೇಗೆ, ಲೆಕ್ಕ ಹಾಕೋಣ. ಬೈಕು ವರ್ಷಕ್ಕೆ 12,000 ಕಿ.ಮೀ. ಓಡುತ್ತೆ ಅಂದುಕೊಳ್ಳಿ. ಮಿನರಲ್ ಆದರೆ 3,000ಕ್ಕೊಮ್ಮೆ ಬದಲಾಯಿಸಬೇಕು. ನಾಲ್ಕು ಸಲ, 1,600 ರೂಪಾಯಿ. ಸಿಂಥೆಟಿಕ್ ಆದರೆ 6,000ಕ್ಕೊಮ್ಮೆ. ಎರಡು ಸಲ, 1,800 ರೂಪಾಯಿ. ವ್ಯತ್ಯಾಸ ವರ್ಷಕ್ಕೆ ಇನ್ನೂರೇ ರೂಪಾಯಿ. ಮೆಕ್ಯಾನಿಕ್ ಕೂಲಿ ಎರಡು ಸಲ ಉಳಿಯುತ್ತೆ. ಅಂದರೆ ಸಿಂಥೆಟಿಕ್ಕೇ ಅಗ್ಗ.

ಸ್ಪಾನರ್ ಅಣ್ಣ

ಮೇಷ್ಟ್ರೇ, ಗುಣಾಕಾರ ಸರಿ ಇದೆ, ಗಾಡಿ ತಪ್ಪು. ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೀನಿ, ದಿನಾ ಸ್ಪ್ಲೆಂಡರ್ ಮುಖವೇ ನೋಡೋದು. ಅದರ ಮ್ಯಾನ್ಯುಯಲ್‌ನಲ್ಲೇ ಮಾಮೂಲಿ ಆಯಿಲ್‌ಗೆ 6,000 ಕಿ.ಮೀ. ಕೊಟ್ಟಿದ್ದಾರೆ, ನಡುವೆ 3,000ಕ್ಕೆ ಲೆವೆಲ್ ನೋಡಿ ಟಾಪ್ ಅಪ್. 3,000ಕ್ಕೆ ಬದಲಾಯಿಸೋದು ನಮ್ಮ ಗ್ಯಾರೇಜಿನವರ ರೂಢಿ. ಹಾಗಾಗಿ ಹೋಲಿಸಬೇಕಾದ್ದು 800ಕ್ಕೂ 1,800ಕ್ಕೂ.

ಇನ್ನೊಂದು ವಿಷಯ. ಸ್ಪ್ಲೆಂಡರ್ ಎಂಜಿನ್‌ನಲ್ಲಿ ಕಾರಿನ ಥರ ಬದಲಾಯಿಸುವ ಪೇಪರ್ ಫಿಲ್ಟರ್ ಇಲ್ಲ. ಕೆಳಗೊಂದು ಜಾಲರಿ, ಕ್ಲಚ್ ಕವರ್ ಒಳಗೆ ತಿರುಗುವ ಸೆಂಟ್ರಿಫ್ಯೂಗಲ್ ಫಿಲ್ಟರ್, ಅಷ್ಟೇ. ಕವರ್ ಬಿಚ್ಚಿ ಅದರ ಮುಚ್ಚಳ ತೆಗೆದರೆ ಒಳಗೋಡೆಗೆ ಕಪ್ಪು ಮಡ್ಡಿ ಮೆತ್ತಿಕೊಂಡಿರುತ್ತೆ. ಉಗುರಲ್ಲಿ ಕೆರೆದರೆ ಅಲ್ಯೂಮಿನಿಯಂ ಪುಡಿ ಮಿನುಗುತ್ತೆ. ಕ್ಲಚ್ ಸವೆದ ಪುಡಿ, ಗೇರ್ ಸವೆದ ಪುಡಿ ಎಲ್ಲಾ ಅದೇ ಆಯಿಲ್‌ನಲ್ಲೇ ಸುತ್ತುತ್ತವೆ. ಸಿಂಥೆಟಿಕ್ ಬೇಗ ಕೆಡಲ್ಲ, ನಿಜ. ಆದರೆ ಅದರಲ್ಲಿ ಸೇರಿದ ಕೊಳೆ ಎಲ್ಲಿಗೆ ಹೋಗಬೇಕು? ದುಬಾರಿ ಆಯಿಲ್ ಹಾಕಿ ಕೊಳೆ ಇಟ್ಟುಕೊಂಡು 10,000 ಓಡಿಸೋದಕ್ಕಿಂತ, ಮಿನರಲ್ ಹಾಕಿ ಸಮಯಕ್ಕೆ ಬದಲಾಯಿಸಿದರೆ ಆ ಎಂಜಿನ್ ಖುಷಿಯಾಗಿರುತ್ತೆ.

ಲೆಕ್ಕದ ಮೇಷ್ಟ್ರು

ಗ್ಯಾರೇಜಿನವರು ಪದೇ ಪದೇ ಬದಲಾಯಿಸಿ ಅಂತಲೇ ಹೇಳ್ತೀರಿ. ನಿಮಗೆ ಅದರಲ್ಲೇ ಅಲ್ವಾ ಲಾಭ? 😄

ಸ್ಪಾನರ್ ಅಣ್ಣ

ಲಾಭ ಬೇಕಿದ್ದರೆ 900ರ ಡಬ್ಬ ಮಾರ್ತಿದ್ದೆ ಸ್ವಾಮಿ. ಮಾರ್ಜಿನ್ ಅದರಲ್ಲೇ ಜಾಸ್ತಿ.

ಓಆರ್‌ಆರ್ ಕೈದಿ

ಎಲ್ಲರೂ ಕಿಲೋಮೀಟರ್ ಲೆಕ್ಕದಲ್ಲೇ ಇದ್ದೀರಿ. ಬೆಂಗಳೂರಿಗೆ ಬನ್ನಿ. ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿಗೆ ಸಂಜೆ ಹೊತ್ತು ಗಂಟೆಗೆ 10 ಕಿ.ಮೀ. ವೇಗ ಸಿಕ್ಕರೆ ಪುಣ್ಯ. ಆ ಲೆಕ್ಕದಲ್ಲಿ 5,000 ಕಿ.ಮೀ. ಅಂದರೆ ಎಂಜಿನ್ 500 ಗಂಟೆ ಓಡಿದಂತೆ. ಹೈವೇಯಲ್ಲಿ 50ರಲ್ಲಿ ಹೋಗುವವನಿಗೆ ಅದೇ 5,000ಕ್ಕೆ 100 ಗಂಟೆ ಸಾಕು. ಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತೆ.

ನನ್ನದು ಏರ್ ಕೂಲ್ಡ್ 200 ಸಿಸಿ ಬೈಕ್. ಸಿಗ್ನಲ್‌ನಲ್ಲಿ ನಿಂತರೆ ಗಾಳಿಯೇ ಇಲ್ಲ, ತೊಡೆ ಸುಡುತ್ತೆ. ಮಿನರಲ್ ಹಾಕಿದಾಗ 1,500 ಕಿ.ಮೀ. ಆಗುತ್ತಿದ್ದ ಹಾಗೆ ಗೇರ್ ಗಟ್ಟಿಯಾಗುತ್ತಿತ್ತು, ನ್ಯೂಟ್ರಲ್ ಸಿಗದೆ ಒದ್ದಾಟ. ಸಿಂಥೆಟಿಕ್‌ಗೆ ಬಂದ ಮೇಲೆ ಆ ರಗಳೆ ಬಹಳ ತಡವಾಗಿ ಶುರುವಾಗುತ್ತೆ. ನನಗಂತೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಹಳೇ ಬುಲೆಟ್

ಅದು ಆಯಿಲ್ ಅಲ್ಲ ಗುರು, ಮನಸ್ಸಿನ ಸಮಾಧಾನ. ದುಡ್ಡು ಕೊಟ್ಟ ಮೇಲೆ ಎಲ್ಲಾ ಸ್ಮೂತ್ ಅನ್ನಿಸುತ್ತೆ.

ಓಆರ್‌ಆರ್ ಕೈದಿ

ನ್ಯೂಟ್ರಲ್ ಬೀಳೋದು ಬೀಳದೇ ಇರೋದು ಮನಸ್ಸಿನಲ್ಲಿ ಆಗಲ್ಲ ಬುಲೆಟ್ ಸರ್, ಕಾಲಿಗೆ ಗೊತ್ತಾಗುತ್ತೆ.

ಸ್ಪಾನರ್ ಅಣ್ಣ

ಕೈದಿ ಹೇಳಿದ್ದು ಸರಿ. ಬೈಕಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗೇರ್ ಹಲ್ಲುಗಳ ಮಧ್ಯೆ ಸಿಕ್ಕಿ ಆಯಿಲ್‌ನ ಉದ್ದನೆಯ ಪಾಲಿಮರ್ ಕಣಗಳು ತುಂಡಾಗುತ್ತವೆ, ಆಯಿಲ್ ತೆಳುವಾಗುತ್ತೆ. 20ಡಬ್ಲ್ಯು-50 ಗ್ರೇಡ್ ಹಾಕಿದ್ದು ಸ್ವಲ್ಪ ದಿನಕ್ಕೆ ಅದಕ್ಕಿಂತ ತೆಳುವಾದ 40ರ ಹಾಗೆ ವರ್ತಿಸುತ್ತೆ. ಒಳ್ಳೆ ಸಿಂಥೆಟಿಕ್ ಬೇಸ್‌ಗೆ, ಅಂದರೆ ಮೂಲ ಎಣ್ಣೆಗೆ, ಆ ಪಾಲಿಮರ್ ಕಮ್ಮಿ ಸಾಕು, ಅದಕ್ಕೇ ತಡೆದುಕೊಳ್ಳುತ್ತೆ. ಬಿಸಿ ಎಂಜಿನ್, ಟ್ರಾಫಿಕ್, ಜಾಸ್ತಿ ಆರ್‌ಪಿಎಂ, ಇವು ಇದ್ದರೆ ಹಾಕಿಸಿ. 97 ಸಿಸಿ ಕಮ್ಯೂಟರ್‌ಗೆ ಬೇಡ.

ಸ್ಕೂಟಿ ಅಕ್ಕ

ಇಲ್ಲೇ ಕೇಳಿಬಿಡ್ತೀನಿ. ನಮ್ಮ ಆ್ಯಕ್ಟಿವಾಗೆ ಪಕ್ಕದ ಬೀದಿ ಮೆಕ್ಯಾನಿಕ್ ಬೈಕಿನ ಆಯಿಲ್ಲೇ ಸುರಿದಿದ್ದಾನೆ. "ಎರಡೂ 10ಡಬ್ಲ್ಯು-30, ಏನೂ ಆಗಲ್ಲಕ್ಕ" ಅಂತಾನೆ. ನಿಜವಾ?

ಸ್ಪಾನರ್ ಅಣ್ಣ

ಗಾಬರಿ ಬೇಡ ಅಕ್ಕ. ಡಬ್ಬದ ಹಿಂದೆ ಜಾಸೊ ಅಂತ ಒಂದು ಗುರುತು ಇರುತ್ತೆ. ಎಂಎ, ಎಂಎ2 ಅಂದರೆ ಗೇರ್ ಬೈಕಿಗೆ. ಎಂಬಿ ಅಂದರೆ ಸ್ಕೂಟರ್‌ಗೆ. ಎಂಬಿಯಲ್ಲಿ ಜಾರಿಕೆ ಜಾಸ್ತಿ, ಯಾಕೆಂದರೆ ಸ್ಕೂಟರ್ ಕ್ಲಚ್ ಆಯಿಲ್‌ನಲ್ಲಿ ಮುಳುಗಿರಲ್ಲ. ಸ್ಕೂಟರ್‌ಗೆ ಬೈಕ್ ಆಯಿಲ್ ಹಾಕಿದರೆ ಮೈಲೇಜ್ ಒಂಚೂರು ಕಮ್ಮಿ ಆಗಬಹುದು, ಬೇರೆ ತೊಂದರೆ ಇಲ್ಲ. ಉಲ್ಟಾ ಮಾಡಿದರೆ ಕಷ್ಟ. ಬೈಕಿಗೆ ಎಂಬಿ ಹಾಕಿದರೆ ಕ್ಲಚ್ ಜಾರೋಕೆ ಶುರು. ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ.

ಶರಾವತಿ ಸವಾರ

ಇದೇ ಕೆಲಸ ನನ್ನ ಚಿಕ್ಕಪ್ಪನ ಮಗ ಮಾಡಿದ. ಕಾರಿಗೆ ಹಾಕಿ ಮಿಕ್ಕಿದ್ದ ದುಬಾರಿ ಸಿಂಥೆಟಿಕ್ ಆಯಿಲ್ ವೇಸ್ಟ್ ಆಗುತ್ತಲ್ಲ ಅಂತ ಬೈಕಿಗೆ ಸುರಿದ. ಆಗುಂಬೆ ಘಾಟಿ ಹತ್ತುವಾಗ ಹಿಂದೆ ಕೂತವನನ್ನ ಇಳಿಸಿ ನಡೆಸಬೇಕಾಯಿತು. ಕ್ಲಚ್ ಪ್ಲೇಟ್ ಪೂರ್ತಿ ಸೆಟ್ ಬದಲಾಯಿಸಿದರು.

ತುಮಕೂರು ಸ್ಪ್ಲೆಂಡರ್

ಬೈಕ್ ವಿಷಯ ಅರ್ಥ ಆಯಿತು. ಕಾರಿಗೆ ಏನು ಮಾಡಲಿ?

ಡೀಸಲ್ ದೊರೆ

ಮೊದಲು ಗ್ಲೋವ್ ಬಾಕ್ಸ್ ತೆಗೆದು ಮ್ಯಾನ್ಯುಯಲ್ ನೋಡಿ. ಯಾವ ಗ್ರೇಡ್ ಬರೆದಿದೆ?

ತುಮಕೂರು ಸ್ಪ್ಲೆಂಡರ್

0ಡಬ್ಲ್ಯು-20 ಅಂತ ಇದೆ. ಅಡ್ವೈಸರ್ ತೋರಿಸಿದ ಬಾಟಲಿಯ ಫೋಟೊ ಇದೆ, ಅದರಲ್ಲಿ 5ಡಬ್ಲ್ಯು-40.

ಡೀಸಲ್ ದೊರೆ

ಅಯ್ಯೋ, ಹಾಗಾದರೆ ವಾದವೇ ಮುಗಿಯಿತು. ಮಾಮೂಲಿ ಹಳೇ ಮಿನರಲ್ ಬೇಸ್‌ನಿಂದ 0ಡಬ್ಲ್ಯು-20 ಮಾಡೋಕೇ ಆಗಲ್ಲ. ಅಂದರೆ ಕಂಪನಿ ಹೇಳಿದ ಆಯಿಲ್ ಹಾಕಿಸುತ್ತಾ ಬಂದಿದ್ದರೆ ನೀವು ಇಷ್ಟು ದಿನ ಹಾಕಿಸಿರೋದೇ ಸಿಂಥೆಟಿಕ್. ಅವರು "ಅಪ್‌ಗ್ರೇಡ್" ಅಂತ ಮಾರೋಕೆ ನೋಡಿದ್ದು ನಿಮ್ಮ ಎಂಜಿನ್‌ಗೆ ಹೇಳಿರೋದಕ್ಕಿಂತ ತುಂಬಾ ದಪ್ಪದ ಗ್ರೇಡ್. ಎಂಜಿನ್ ಹಾಳಾಗಿಬಿಡುತ್ತೆ ಅಂತ ಹೇಳಲ್ಲ, ಆದರೆ ಮೈಲೇಜ್ ಇಳಿಯುತ್ತೆ. ವಾರಂಟಿ ಇದ್ದರೆ ಸುಮ್ನೆ ತಲೆನೋವು.

ಫ್ಲಶ್ ಬಾಟಲಿಗೆ ನಮಸ್ಕಾರ ಹೇಳಿ ವಾಪಸ್ ಕೊಡಿ. ಸಮಯಕ್ಕೆ ಸರ್ವಿಸ್ ಆದ ಕಾರಿಗೆ ಅದರ ಅಗತ್ಯ ಇಲ್ಲ.

ಕಲಬುರಗಿ ಬಿಸಿಲು

ಒಂದು ನಿಮಿಷ ರೀ. ನಮ್ಮ ಕಡೆ ಮೇ ತಿಂಗಳಲ್ಲಿ 43-44 ಡಿಗ್ರಿ. 0ಡಬ್ಲ್ಯು-20 ನೀರಿದ್ದಂಗೆ ಇರುತ್ತೆ. ಅಂಥ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ನೋಡ್ರಿ. 0 ಡಬ್ಲ್ಯು ಅನ್ನೋದು ಹಿಮ ಬೀಳೋ ದೇಶಕ್ಕೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಹಿಮ ಬೀಳೋ ದೇಶದಿಂದ ಉತ್ತರ ಕೊಡ್ತೀನಿ. ಡಬ್ಲ್ಯು ಮುಂದಿನ ಅಂಕಿ ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ. ಎರಡನೇ ಅಂಕಿ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅನ್ನೋದಕ್ಕೆ. ಬಿಸಿಲಿಗೆ ಸಂಬಂಧಪಟ್ಟದ್ದು ಎರಡನೆಯದು. ಮೊದಲನೆಯದು 0 ಇದ್ದ ಮಾತ್ರಕ್ಕೆ ಬಿಸಿಯಲ್ಲಿ ತೆಳು ಆಗಲ್ಲ. 0ಡಬ್ಲ್ಯು-40 ಕೂಡ ಸಿಗುತ್ತೆ.

ಇನ್ನು ಕಾರಿಗೆ ರೇಡಿಯೇಟರ್ ಇದೆ, ಥರ್ಮೊಸ್ಟಾಟ್ ಇದೆ. ಹೊರಗೆ 20 ಡಿಗ್ರಿ ಇರಲಿ 44 ಇರಲಿ, ಕೂಲಂಟ್ 90 ಡಿಗ್ರಿ ಹತ್ತಿರವೇ ಇರುತ್ತೆ. ಕಲಬುರಗಿ ಬಿಸಿಲು ಏರ್ ಕೂಲ್ಡ್ ಬೈಕಿಗೆ ನೇರವಾಗಿ ತಟ್ಟುತ್ತೆ, ಕಾರಿಗೆ ಅಷ್ಟಾಗಿ ಇಲ್ಲ.

ಕಲಬುರಗಿ ಬಿಸಿಲು

ಪುಸ್ತಕದಾಗ ಹಂಗ ಇರ್ತದ. ಎಸಿ ಹಾಕಿ, ಐದು ಮಂದಿ ಕೂತು, ಕ್ಯಾರಿಯರ್ ಮೇಲೆ ಸಾಮಾನು ಹೇರಿ ಮಧ್ಯಾಹ್ನ ಎರಡಕ್ಕೆ ಹುಮನಾಬಾದ್ ರಸ್ತೆಯಲ್ಲಿ ಬನ್ನಿ, ಆಮೇಲೆ ಮಾತಾಡೋಣ.

ಡೀಸಲ್ ದೊರೆ

ಬಿಸಿಲು ಸರ್ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಹೊರಗಿನ ತಾಪಮಾನದ ಪಟ್ಟಿಯನ್ನೇ ಕೊಟ್ಟು ಎರಡು ಮೂರು ಗ್ರೇಡ್ ಬರೆದಿರುತ್ತಾರೆ. ಅಲ್ಲಿ 5ಡಬ್ಲ್ಯು-30 ಇದ್ದರೆ ಧಾರಾಳವಾಗಿ ಹಾಕಿಸಿ. ಪಟ್ಟಿಯಲ್ಲಿ ಇಲ್ಲದ್ದನ್ನ ಅಡ್ವೈಸರ್ ಬಾಯಿಮಾತಿನ ಮೇಲೆ ಬೇಡ.

ಲೆಕ್ಕದ ಮೇಷ್ಟ್ರು

ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಲ್ಯಾಬ್ ಪರೀಕ್ಷೆ ಮಾಡಿಸಿತ್ತು. ಸರಾಸರಿ ನೋಡಿದರೆ ಸಿಂಥೆಟಿಕ್ ಆಯಿಲ್ ಮಾಮೂಲಿಗಿಂತ ಶೇ. 50ರ ಹತ್ತಿರ ಮೇಲು. ಅಲ್ಲಿನ ಲೆಕ್ಕದಲ್ಲಿ ಹೆಚ್ಚಿಗೆ ಖರ್ಚು ವರ್ಷಕ್ಕೆ 64 ಡಾಲರ್. ಇದಕ್ಕೇನಂತೀರಿ?

ಹಳೇ ಬುಲೆಟ್

ಲ್ಯಾಬ್‌ನಲ್ಲಿ ಆಯಿಲ್ ಎಷ್ಟು ಮೇಲು ಅಂತ ಹೇಳಿದ್ದಾರೆ. ಎಂಜಿನ್ ಎಷ್ಟು ವರ್ಷ ಜಾಸ್ತಿ ಬಾಳುತ್ತೆ ಅಂತ ಹೇಳಿದ್ದಾರಾ? ನಮ್ಮಪ್ಪನ ಬುಲೆಟ್ ಅಂಗಡಿಯ ಮಿನರಲ್ 20ಡಬ್ಲ್ಯು-50 ಕುಡಿದುಕೊಂಡೇ ಇನ್ನೂ ಓಡ್ತಿದೆ. ಅದಕ್ಕೆ ಸಿಂಥೆಟಿಕ್ ಹಾಕಿದರೆ ಅಷ್ಟೇ ದುಬಾರಿ ಆಯಿಲ್ ನೆಲದ ಮೇಲೆ ಸೋರುತ್ತೆ, ಬೇರೇನೂ ಆಗಲ್ಲ.

ಶರಾವತಿ ಸವಾರ

ಹಳೇ ಬುಲೆಟ್ ಸೋರುತ್ತಿಲ್ಲ ಅಂದರೆ ಒಳಗೆ ಆಯಿಲ್ ಖಾಲಿ ಅಂತ ಅರ್ಥ 😂

ಸ್ಪಾನರ್ ಅಣ್ಣ

ಸಿಂಥೆಟಿಕ್ ಹಾಕಿದರೆ ಸೀಲ್ ತಿಂದುಹಾಕುತ್ತೆ ಅನ್ನೋದು ಹಳೇ ಕಾಲದ ಮಾತು. ಆಗಿನ ಕೆಲವು ಆಯಿಲ್‌ಗಳಲ್ಲಿ ಆ ಸಮಸ್ಯೆ ಇತ್ತು. ಈಗ ಸೀಲ್ ಒಣಗದಂತೆ ಬೇರೆ ಸೇರಿಸಿರುತ್ತಾರೆ. ಮೊದಲೇ ಹೋಗಿದ್ದ ಸೀಲ್‌ಗೆ ಮಡ್ಡಿ ಅಂಟಿಕೊಂಡು ತಡೆದಿರುತ್ತೆ. ಹೊಸ ಆಯಿಲ್ ಆ ಮಡ್ಡಿ ತೊಳೆದಾಗ ಸೋರಿಕೆ ಕಾಣುತ್ತೆ. ಬೈಸಿಕೊಳ್ಳೋದು ಆಯಿಲ್.

ಸ್ಟುಟ್‌ಗಾರ್ಟ್ ಕನ್ನಡಿಗ

ಇನ್ನೊಂದು ಮಾತು, "ಫುಲ್ ಸಿಂಥೆಟಿಕ್" ಅಂತ ಡಬ್ಬದ ಮೇಲೆ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಬೇಸ್ ಆಯಿಲ್‌ಗಳಲ್ಲಿ ಐದು ಗ್ರೂಪ್ ಇವೆ. ಮೊದಲ ಎರಡು ಮಿನರಲ್. ಮೂರನೆಯದು ಕಚ್ಚಾ ತೈಲದಿಂದಲೇ ಬರೋದು, ಹೈಡ್ರೋಜನ್ ಹಾಯಿಸಿ ಜಾಸ್ತಿ ಒತ್ತಡದಲ್ಲಿ ಬಹಳ ಶುದ್ಧ ಮಾಡಿರ್ತಾರೆ. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಅಣು ಜೋಡಿಸಿ ಮಾಡಿದ್ದು. ಐದರಲ್ಲಿ ಎಸ್ಟರ್ ವಗೈರೆ. ಮೂರನೇ ಗ್ರೂಪನ್ನ ಸಿಂಥೆಟಿಕ್ ಅಂತ ಮಾರಬಹುದಾ ಅಂತ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ಅಮೆರಿಕದ ಜಾಹೀರಾತು ಮಂಡಳಿಗೆ ದೂರು ಕೊಟ್ಟಿತ್ತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಪರ ಬಂತು. ಅಲ್ಲಿಂದ ಮೂರನೇ ಗ್ರೂಪ್ ಕೂಡ ಸಿಂಥೆಟಿಕ್ ಹೆಸರಲ್ಲೇ ಮಾರಾಟ ಆಗುತ್ತೆ. ಇಲ್ಲಿ ಜರ್ಮನಿಯಲ್ಲಿ ಅದಕ್ಕೆ ಫುಲ್ ಸಿಂಥೆಟಿಕ್ ಅಂತ ಬರೆಯೋಕೆ ಬಿಡಲ್ಲ, ಬೇರೆ ಹೆಸರು ಹಾಕ್ತಾರೆ.

ಓಆರ್‌ಆರ್ ಕೈದಿ

ಹಾಗಾದರೆ ಇಲ್ಲಿ ಮೂರನೇ ಗ್ರೂಪ್‌ಗೆ ನಾವು ನಾಲ್ಕನೇ ಗ್ರೂಪ್ ದುಡ್ಡು ಕೊಡ್ತಿದ್ದೀವಿ ಅನ್ನಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಮೂರನೇ ಗ್ರೂಪ್ ಕಳಪೆ ಅಂತಲ್ಲ. ಮೈನಸ್ 30 ಡಿಗ್ರಿಯಲ್ಲಿ ಗಾಡಿ ಸ್ಟಾರ್ಟ್ ಮಾಡೋದಿದ್ದರೆ ಪಿಎಒ ವ್ಯತ್ಯಾಸ ಗೊತ್ತಾಗುತ್ತೆ. ತುಮಕೂರಿನಲ್ಲಿ ಗೊತ್ತಾಗಲ್ಲ. ಗ್ರೂಪ್ ಬಿಡಿ, ಡಬ್ಬದ ಮೇಲಿನ ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ, ದರ್ಜೆ ನೋಡಿ. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ಪರೀಕ್ಷೆ ಪಾಸಾಗಿದೆ ಅಂತ. ಟರ್ಬೊ ಪೆಟ್ರೋಲ್ ಇದ್ದವರು ಎಸ್‌ಪಿಗಿಂತ ಕೆಳಗೆ ಇಳಿಯಬೇಡಿ. ಕಮ್ಮಿ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಸ್ಪಾರ್ಕ್‌ಗೆ ಮೊದಲೇ ಉರಿದು ಪಿಸ್ಟನ್ ಒಡೆಯೋ ಕಾಯಿಲೆಗೆ ಅದರಲ್ಲಿ ಪರೀಕ್ಷೆ ಇದೆ.

ಡೀಸಲ್ ದೊರೆ

ಬಿಎಸ್ 6 ಡೀಸಲ್ ಇದ್ದವರಿಗೆ ಇನ್ನೂ ಕಟ್ಟುನಿಟ್ಟು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್, ಡಿಪಿಎಫ್, ಇರುತ್ತೆ. ಮಸಿ ಸುಟ್ಟುಹೋಗುತ್ತೆ, ಆದರೆ ಆಯಿಲ್‌ನ ಅಡಿಟಿವ್ ಸುಟ್ಟು ಉಳಿಯೋ ಬೂದಿ ಎಲ್ಲಿಗೂ ಹೋಗಲ್ಲ, ಅಲ್ಲೇ ಕಟ್ಟಿಕೊಳ್ಳುತ್ತೆ. ಅದಕ್ಕೇ ಕಮ್ಮಿ ಬೂದಿಯ ಆಯಿಲ್, ಯುರೋಪಿನ ಎಸಿಇಎ ದರ್ಜೆಯಲ್ಲಿ ಸಿ2 ಅಥವಾ ಸಿ3, ಮ್ಯಾನ್ಯುಯಲ್‌ನಲ್ಲಿ ಯಾವುದಿದೆಯೋ ಅದು. ಇಲ್ಲಿ ಐನೂರು ರೂಪಾಯಿ ಉಳಿಸೋಕೆ ಹೋಗಿ ಡಿಪಿಎಫ್ ಬ್ಲಾಕ್ ಮಾಡಿಕೊಂಡವರನ್ನ ನೋಡಿದ್ದೀನಿ. ಬಿಲ್ ಲಕ್ಷದ ಲೆಕ್ಕದಲ್ಲಿ ಬರುತ್ತೆ.

ಟ್ರ್ಯಾಕ್ಟರ್ ಗೌಡ

ನಮ್ಮದು ಮಂಡ್ಯ ಕಡೆ. ಟ್ರ್ಯಾಕ್ಟರ್‌ಗೆ 15ಡಬ್ಲ್ಯು-40 ಮಿನರಲ್, ಗಂಟೆ ಮೀಟರ್ ನೋಡಿ 250 ಗಂಟೆಗೆ ಬದಲಾವಣೆ. ನಿಮ್ಮ ಓಆರ್‌ಆರ್ ತಮ್ಮ ಹೇಳಿದ ಗಂಟೆ ಲೆಕ್ಕ ನಾವು ಮೊದಲಿಂದಲೂ ಮಾಡ್ತಿರೋದೇ. ಗದ್ದೆ ಕೆಸರಲ್ಲಿ ಇಡೀ ದಿನ ಓಡಿದರೂ ಕಿಲೋಮೀಟರ್ ಎಷ್ಟಾಗುತ್ತೆ ಹೇಳಿ?

ಒಂದು ಡೌಟು. ಹಾಕಿದ ಎರಡೇ ದಿನಕ್ಕೆ ಆಯಿಲ್ ಕಪ್ಪಗಾಗುತ್ತೆ. ಡೂಪ್ಲಿಕೇಟ್ ಇರಬಹುದಾ?

ಸ್ಪಾನರ್ ಅಣ್ಣ

ಗೌಡ್ರೇ, ಡೀಸಲ್ ಎಂಜಿನ್‌ನಲ್ಲಿ ಕಪ್ಪಾಗಲೇಬೇಕು. ಮಸಿಯನ್ನ ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ. ಬೆಳ್ಳಗೇ ಉಳಿದರೆ ಅನುಮಾನ ಪಡಿ.

ಡೂಪ್ಲಿಕೇಟ್ ಭಯ ಇದ್ದರೆ ಬಿಲ್ ಕೊಡೋ ಅಂಗಡಿಯಲ್ಲಿ ತಗೊಳ್ಳಿ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ಕ್ಯೂಆರ್ ಇದ್ದರೆ ಸ್ಕ್ಯಾನ್ ಮಾಡಿ. ಮುಖ್ಯವಾಗಿ ಖಾಲಿ ಡಬ್ಬ ಗುಜರಿಗೆ ಹಾಗೇ ಕೊಡಬೇಡಿ, ಸ್ಕ್ರೂಡ್ರೈವರ್‌ನಲ್ಲಿ ಎರಡು ತೂತು ಹೊಡೆದು ಕೊಡಿ. ಒಳ್ಳೆ ಬ್ರ್ಯಾಂಡಿನ ಖಾಲಿ ಡಬ್ಬಕ್ಕೇ ಬೇಡಿಕೆ ಇದೆ, ಯಾಕೆ ಅಂತ ನೀವೇ ಯೋಚಿಸಿ. ದುಬಾರಿ ಸಿಂಥೆಟಿಕ್ ತಗೊಳ್ಳುವವರಿಗೇ ಈ ಅಪಾಯ ಜಾಸ್ತಿ.

ಕೊಪ್ಪದ ಮಳೆ

ನಮ್ಮ ಮಲೆನಾಡಿನ ಕಥೆ ಬೇರೆ ಮಾರಾಯ್ರೇ. ಜುಲೈ ತಿಂಗಳಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಬಣ್ಣದ ನೊರೆ. ಎಂಜಿನ್‌ಗೆ ನೀರು ಹೋಗಿದೆ ಅಂತ ಹೆದರಿ ಗ್ಯಾರೇಜಿಗೆ ಓಡುವವರು ಪ್ರತಿ ಮಳೆಗಾಲ ಇರ್ತಾರೆ. ಮನೆಯಿಂದ ಪೇಟೆಗೆ ಎರಡು ಕಿ.ಮೀ., ಮತ್ತೆ ವಾಪಸ್. ಎಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ, ತೇವ ಆವಿಯಾಗಿ ಹೋಗಲ್ಲ. ಅದಕ್ಕೆ ಸಿಂಥೆಟಿಕ್ ಹಾಕಿದರೂ ಅಷ್ಟೇ, ಮಿನರಲ್ ಹಾಕಿದರೂ ಅಷ್ಟೇ. ವಾರಕ್ಕೊಮ್ಮೆ ಶೃಂಗೇರಿ ಕಡೆ ಒಂದು ಅರ್ಧ ಗಂಟೆ ಓಡಿಸಿಕೊಂಡು ಬನ್ನಿ, ಸರಿಹೋಗುತ್ತೆ. ನೊರೆ ಡಿಪ್‌ಸ್ಟಿಕ್‌ನಲ್ಲೂ ಕಂಡು ಕೂಲಂಟ್ ಕಮ್ಮಿ ಆಗ್ತಿದ್ದರೆ ಮಾತ್ರ ಗ್ಯಾರೇಜು.

ತುಮಕೂರಿನವರಿಗೂ ಇದು ಅನ್ವಯ. ಕಾರು ಕಮ್ಮಿ ಓಡುತ್ತೆ ಅಂದಿರಿ. 10,000 ಆಗಿಲ್ಲ ಅಂತ ಎರಡು ವರ್ಷ ಬಿಡಬೇಡಿ, ವರ್ಷಕ್ಕೊಮ್ಮೆ ಬದಲಾಯಿಸಿ.

ಸ್ಕೂಟಿ ಅಕ್ಕ

ಬದಲಾಯಿಸಿದ ಹಳೇ ಆಯಿಲ್ ಏನು ಮಾಡ್ತೀರಿ ಎಲ್ಲರೂ? ನಮ್ಮ ಮೆಕ್ಯಾನಿಕ್ ಚರಂಡಿಗೇ ಸುರಿದ, ಜಗಳ ಆಡಿ ಬಂದೆ.

ಟ್ರ್ಯಾಕ್ಟರ್ ಗೌಡ

ನಾವು ಬೇಲಿ ಗೂಟಕ್ಕೆ ಬಳಿತೀವಿ, ಗೆದ್ದಲು ಹತ್ತಲ್ಲ. ಮನೆ ಕಟ್ಟೋರು ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ ಕೇಳಿಕೊಂಡು ಬರ್ತಾರೆ.

ಕೊಪ್ಪದ ಮಳೆ

ಗೂಟದ ಬುಡದಿಂದ ಮಣ್ಣಿಗೆ ಇಳಿಯುತ್ತಲ್ಲ ಗೌಡ್ರೇ. ಬಾವಿ ಹತ್ತಿರ ಮಾತ್ರ ಬೇಡ.

ಸ್ಪಾನರ್ ಅಣ್ಣ

ಚರಂಡಿಗೆ ಸುರಿಯೋದು ಕಾನೂನು ಪ್ರಕಾರವೂ ತಪ್ಪು ಅಕ್ಕ, ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಜಗಳ ಆಡಿದ್ದು ಒಳ್ಳೆದಾಯಿತು. ನಾವು ಬ್ಯಾರೆಲ್‌ನಲ್ಲಿ ಕೂಡಿಟ್ಟು ರೀಸೈಕಲ್ ಮಾಡೋರಿಗೆ ಕೊಡ್ತೀವಿ, ಲೀಟರ್ ಲೆಕ್ಕದಲ್ಲಿ ದುಡ್ಡೂ ಬರುತ್ತೆ.

ತುಮಕೂರು ಸ್ಪ್ಲೆಂಡರ್

ಎಲ್ಲರಿಗೂ ಥ್ಯಾಂಕ್ಸ್. ಕಾರಿಗೆ ಮ್ಯಾನ್ಯುಯಲ್‌ನ 0ಡಬ್ಲ್ಯು-20 ಮಾತ್ರ ಹಾಕಿ, ಫ್ಲಶ್ ಬೇಡ ಅಂತ ಬರೆಸಿ ಬಂದೆ. ಬೈಕಿಗೆ ಮಿನರಲ್ಲೇ. ಮೇಷ್ಟ್ರೇ, ನಿಮ್ಮ ಗಾಡಿಗೆ ಯಾವುದು ಹಾಕ್ತೀರಿ?

ಲೆಕ್ಕದ ಮೇಷ್ಟ್ರು

ನನ್ನದು ಎಲೆಕ್ಟ್ರಿಕ್ ಸ್ಕೂಟರ್.

ಹಳೇ ಬುಲೆಟ್

ಇಷ್ಟು ಹೊತ್ತು ಇವರ ಹತ್ತಿರ ವಾದ ಮಾಡಿದ್ದಾ ನಾವು!!

ಕೊಪ್ಪದ ಮಳೆ

ನಗು ಆಮೇಲೆ. ಸ್ಪಾನರ್ ಅಣ್ಣ, ತೋಟದ ಕಳೆ ಕೊಚ್ಚೋ ಮಷೀನಿಗೆ ಬೈಕಿನ ಸಿಂಥೆಟಿಕ್ ಹಾಕಬಹುದಾ? ಅರ್ಧ ಡಬ್ಬ ಮಿಕ್ಕಿದೆ.

ಸ್ಪಾನರ್ ಅಣ್ಣ

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಟೂ ಸ್ಟ್ರೋಕ್ ಆದರೆ ಖಂಡಿತ ಬೇಡ, ಅದಕ್ಕೆ 2ಟಿ ಆಯಿಲ್ಲೇ ಪೆಟ್ರೋಲ್ ಜೊತೆ ಬೆರೆಸಬೇಕು. 50ಕ್ಕೆ 1 ಅಂತ ಬರೆದಿದ್ದರೆ ಲೀಟರ್‌ಗೆ 20 ಎಂಎಲ್. ಫೋರ್ ಸ್ಟ್ರೋಕ್ ಆದರೆ 10ಡಬ್ಲ್ಯು-30 ಹಾಕಬಹುದು. ಸಣ್ಣ ಎಂಜಿನ್, 100 ಎಂಎಲ್ ಆಸುಪಾಸು ಹಿಡಿಯುತ್ತೆ, ಜಾಸ್ತಿ ಸುರಿದರೆ ಹೊಗೆ ಬರುತ್ತೆ. ಮುಚ್ಚಳದ ಮೇಲೆ ಏನು ಬರೆದಿದೆ, ಫೋಟೊ ಹಾಕಿ.